ಅಚ್ಚಿನಿಂದ ಬಂದ ಹೊಳಪು

ಮನೆ ಕಟ್ಟುವವರು ಬಣ್ಣ ಬಳಿಯುವುದು ಎಲ್ಲ ಮುಗಿದ ಮೇಲೆ. ಫೈಬರ್ ದೋಣಿ ಕಟ್ಟುವವರಿಗೆ ಬಣ್ಣವೇ ಮೊದಲ ಕೆಲಸ. ದೋಣಿಯಾಕಾರದ ದೊಡ್ಡ ಅಚ್ಚಿನ ಒಳಮೈಗೆ ಮೇಣ ತಿಕ್ಕಿ, ಅದರ ಮೇಲೆ ಬಣ್ಣ ಬೆರೆಸಿದ ರಾಳವನ್ನು ಸಿಂಪಡಿಸುತ್ತಾರೆ. ಜೆಲ್‌ಕೋಟ್ ಎಂದರೆ ಇದೇ. ಅದು ಬಿಗಿಯಾಗುತ್ತ ಬಂದಾಗ ಗಾಜಿನ ನಾರಿನ ಚಾಪೆಗಳನ್ನು ಹಾಸಿ, ರಾಳ ಹಚ್ಚಿ, ರೋಲರಿನಿಂದ ಒತ್ತಿ ಗಾಳಿ ಹೊರಡಿಸುತ್ತಾರೆ. ಪದರದ ಮೇಲೆ ಪದರ ಕೂತು ಗಟ್ಟಿಯಾದ ಮೇಲೆ ದೋಣಿಯನ್ನು ಅಚ್ಚಿನಿಂದ ಎತ್ತಿದರೆ, ಮೊದಲು ಸಿಂಪಡಿಸಿದ ಬಣ್ಣವೇ ಹೊರಮೈಯಾಗಿ, ಮುಖ ಕಾಣುವಷ್ಟು ಹೊಳೆಯುತ್ತಿರುತ್ತದೆ.

ಆ ಹೊಳಪು ದೋಣಿಯ ಸ್ವಂತದ್ದಲ್ಲ, ಅಚ್ಚಿನದು. ಅಚ್ಚಿಗೆ ಅದು ಬಂದದ್ದು ಅದಕ್ಕೂ ಮುಂಚೆ ಮಾಡಿದ ಮಾದರಿಯಿಂದ. ಆ ಮಾದರಿಯನ್ನು ಕುಶಲಕರ್ಮಿಗಳು ಒರಟು ಕಾಗದದಿಂದ ನಯ ಕಾಗದಕ್ಕೆ ಇಳಿಯುತ್ತ ದಿನಗಟ್ಟಲೆ ಉಜ್ಜಿರುತ್ತಾರೆ. ಅಲ್ಲಿ ಒಂದು ಗೀರು ಉಳಿದರೂ ಸಾಕು, ಅಚ್ಚಿಗೂ ಇಳಿದು, ಅಲ್ಲಿಂದ ಹೊರಬರುವ ಪ್ರತಿ ದೋಣಿಯಲ್ಲೂ ಕಾಣಿಸಿಕೊಳ್ಳುತ್ತದೆ. ಇವತ್ತು ಜೆಟ್ಟಿಗೆ ತಾಗಿ ಗೀರುಬಿದ್ದ ದೋಣಿಯ ಮುಂದೆ ಬಫಿಂಗ್ ಮೆಷಿನ್ ಹಿಡಿದು ನಿಂತವರು ಆ ಮೊದಲ ಉಜ್ಜುವಿಕೆಯನ್ನೇ ಮತ್ತೊಮ್ಮೆ ಮಾಡುತ್ತಿರುತ್ತಾರೆ. ವ್ಯತ್ಯಾಸ ಇಷ್ಟೇ: ಅವರಿಗೆ ಉಜ್ಜಲು ಸಿಗುವುದು ಅರ್ಧ ಮಿಲಿಮೀಟರಿನ ಆಸುಪಾಸಿನ ಒಂದು ತೆಳುಪದರ ಮಾತ್ರ.

ಮರದ ದೋಣಿಗಳ ಕಾಲದಲ್ಲಿ ಲೆಕ್ಕವೇ ಬೇರೆಯಿತ್ತು. ಆಗ ಆರೈಕೆ ಎಂದರೆ ಮೇಲಿಂದ ಮೇಲೆ ಬಳಿಯುವುದು. ನಮ್ಮ ಕರಾವಳಿಯಲ್ಲಿ ದೋಣಿಯ ಮೈಗೆ ಗೇರೆಣ್ಣೆ, ಮೀನೆಣ್ಣೆ ಬಳಿಯುತ್ತಿದ್ದರು. ಉತ್ತರ ಯುರೋಪಿನವರು ಪೈನ್ ಮರದಿಂದ ಇಳಿಸಿದ ಟಾರು ಬಳಸಿದರು. ಅಮೆರಿಕದ ಶ್ರೀಮಂತರು ಸರೋವರಗಳಲ್ಲಿ ಓಡಿಸುತ್ತಿದ್ದ ಕ್ರಿಸ್-ಕ್ರಾಫ್ಟ್‌ನಂಥ ಮಹಾಗನಿ ದೋಣಿಗಳಿಗೆ ವಾರ್ನಿಷ್ ಕೋಟಿನ ಮೇಲೆ ಕೋಟು ಬೀಳುತ್ತಿತ್ತು. ಗೀರು ಬಿತ್ತೇ? ಅಷ್ಟು ಜಾಗ ಹೆರೆದು ಇನ್ನೊಂದು ಕೋಟು ಹೊಡೆದರೆ ಆಯಿತು. ಕಳೆದುಕೊಂಡದ್ದು ಡಬ್ಬಿಯಿಂದ ವಾಪಸು ಬರುತ್ತಿತ್ತು.

ಈ ಲೆಕ್ಕ ತಲೆಕೆಳಗಾಗಲು ಕಾರಣವಾದ ಗಾಜಿನ ನಾರು ಅರ್ಧ ಆಕಸ್ಮಿಕ. 1932ರಲ್ಲಿ ಅಮೆರಿಕದ ಓವೆನ್ಸ್-ಇಲಿನಾಯ್ಸ್ ಕಂಪನಿಯ ಡೇಲ್ ಕ್ಲೀಸ್ಟ್ ಎಂಬ ಯುವಕ ಗಾಜಿನ ಇಟ್ಟಿಗೆಗಳ ಜೋಡಣೆಗೆ ಕರಗಿದ ಗಾಜನ್ನು ಗಾಳಿಯ ಒತ್ತಡದಲ್ಲಿ ಸಿಂಪಡಿಸುತ್ತಿದ್ದಾಗ ಗಾಜು ಸಣ್ಣ ಎಳೆಗಳಾಗಿ ಹಾರಿತು. ಅದರ ಬೆಲೆ ಅರಿತವರು ಅವರ ಮೇಲಧಿಕಾರಿ ಗೇಮ್ಸ್ ಸ್ಲೇಟರ್. 1938ರಲ್ಲಿ ಓವೆನ್ಸ್-ಕಾರ್ನಿಂಗ್ ಕಂಪನಿಯೇ ಹುಟ್ಟಿಕೊಂಡಿತು. ಅಷ್ಟು ಹೊತ್ತಿಗೆ ಪಾಲಿಯೆಸ್ಟರ್ ರಾಳಗಳೂ ರೂಪುಗೊಳ್ಳುತ್ತಿದ್ದವು. ಎರಡನ್ನೂ ಕೂಡಿಸಿ 1942ರಲ್ಲಿ ಓಹಾಯೊದ ರೇ ಗ್ರೀನ್ ಒಂದು ಚಿಕ್ಕ ದೋಣಿ ಮಾಡಿದರು. ರೋಡ್ ಐಲೆಂಡಿನ ಬ್ರಿಸ್ಟಲ್ ಊರಿನ ಪಿಯರ್ಸನ್ ಸೋದರಸಂಬಂಧಿಗಳು 28 ಅಡಿಯ ‘ಟ್ರೈಟನ್’ ಹಾಯಿದೋಣಿಯನ್ನು 1959ರ ನ್ಯೂಯಾರ್ಕ್ ದೋಣಿ ಪ್ರದರ್ಶನದಲ್ಲಿ ನಿಲ್ಲಿಸಿದರು. ಮುಂದೆ ಅಂಥವು ಸುಮಾರು 700 ತಯಾರಾದವು. ಮರ ಕೊಳೆಯುವ ಕಾಟವಿಲ್ಲ, ವರ್ಷವರ್ಷವೂ ವಾರ್ನಿಷ್ ಹೊಡೆಯುವ ಖರ್ಚಿಲ್ಲ ಎಂದು ಮಧ್ಯಮ ವರ್ಗದ ಕುಟುಂಬಗಳು ಫೈಬರ್ ದೋಣಿಗಳತ್ತ ವಾಲಿದವು.

ಬಿಸಿಲು ಮಾತ್ರ ಆ ನಂಬಿಕೆಗೆ ಒಪ್ಪಲಿಲ್ಲ. ಅತಿನೇರಳೆ ಕಿರಣಗಳು ಜೆಲ್‌ಕೋಟಿನ ಮೇಲ್ಮೈಯನ್ನು ಮೆಲ್ಲಗೆ ಮುರಿಯುತ್ತವೆ. ಹಳೆಯ ದೋಣಿಯ ಮೈಮೇಲೆ ಅಂಗೈ ಸವರಿದರೆ ಸೀಮೆಸುಣ್ಣದಂಥ ಬಿಳಿಪುಡಿ ಅಂಟುತ್ತದೆ. ಜೆಟ್ಟಿ, ಹಗ್ಗ, ಲಂಗರು, ಮರಳು ಎಲ್ಲವೂ ಗೀರು ಎಳೆಯುತ್ತವೆ. ಕಡುನೀಲಿ, ಕಡುಕೆಂಪು ದೋಣಿಗಳಲ್ಲಂತೂ ಒಂದೊಂದು ಗೀರೂ ದೂರದಿಂದಲೇ ಕಾಣುತ್ತದೆ.

ಕುತೂಹಲದ ಸಂಗತಿಯೆಂದರೆ, ಈ ಗೀರು, ಮಂಕು ಅಳಿಸಲು ಬೇಕಾದ ಹತ್ಯಾರುಗಳೆಲ್ಲ ಫೈಬರ್ ದೋಣಿ ಹುಟ್ಟುವ ಮೊದಲೇ ಬೇರೆ ಬೇರೆ ಕಡೆ ಸಿದ್ಧವಾಗಿದ್ದವು. ಪೆನ್ಸಿಲ್ವೇನಿಯಾದ ಎಡ್ವರ್ಡ್ ಆಚೆಸನ್ 1891ರಲ್ಲಿ ಕೃತಕ ವಜ್ರ ಮಾಡಲು ಹೊರಟು, ಜೇಡಿಮಣ್ಣು ಮತ್ತು ಕೋಕ್ ಪುಡಿಯನ್ನು ವಿದ್ಯುತ್ತಿನಿಂದ ಕಾಯಿಸಿದರು. ವಜ್ರ ಸಿಗಲಿಲ್ಲ. ಸಿಕ್ಕಿದ್ದು ಸಿಲಿಕಾನ್ ಕಾರ್ಬೈಡಿನ ಮಿನುಗುವ ಹರಳು, ಅವರೇ ಇಟ್ಟ ಹೆಸರಿನಲ್ಲಿ ಕಾರ್ಬೋರಂಡಮ್. ಮೊದಮೊದಲು ಅದನ್ನು ಕೊಂಡವರು ರತ್ನಗಳಿಗೆ ಸಾಣೆ ಹಿಡಿಯುವವರು. ಮುಂದೆ ಫಿಲಡೆಲ್ಫಿಯಾದಲ್ಲಿ ಶಾಯಿ ತಯಾರಿಸುತ್ತಿದ್ದ ಫ್ರಾನ್ಸಿಸ್ ಓಕಿ ನೀರಿಗೆ ಜಗ್ಗದ ಉಪ್ಪುಕಾಗದವನ್ನು ರೂಪಿಸಿದರು. ಅದಕ್ಕಾಗಿ ಹರಳಿನ ಪುಡಿಯ ಸ್ಯಾಂಪಲ್ ಕಳುಹಿಸಿ ಎಂದು ಅವರು ಬರೆದ ಪತ್ರವೇ 3ಎಂ ಕಂಪನಿಯ ಕುತೂಹಲ ಕೆರಳಿಸಿತು. ಕಂಪನಿ ಹಕ್ಕು ಕೊಂಡು, 1921ರಲ್ಲಿ ‘ವೆಟ್‌ಆರ್‌ಡ್ರೈ’ ಎಂದು ಮಾರುಕಟ್ಟೆಗೆ ತಂದಿತು. ನಮ್ಮ ಗ್ಯಾರೇಜುಗಳಲ್ಲಿ ಇದೇ ವಾಟರ್ ಪೇಪರ್. ಕಾರಿನ ಪೇಂಟ್ ಅಂಗಡಿಗಳಲ್ಲಿ ಒಣ ಉಜ್ಜುವಿಕೆಯಿಂದ ಏಳುತ್ತಿದ್ದ ಸೀಸದ ಧೂಳು ಕೆಲಸಗಾರರ ಎದೆಗೆ ಇಳಿಯುತ್ತಿತ್ತು. ನೀರು ಹಾಕಿ ಉಜ್ಜುವ ಕಾಗದ ಬಂದ ಮೇಲೆ ಆ ಧೂಳು ಅಡಗಿತು.

ಅದೇ ದಶಕದಲ್ಲಿ ಡುಪಾಂಟ್ ಕಂಪನಿಯ ಡ್ಯೂಕೊ ಲ್ಯಾಕರ್ ಕಾರುಗಳ ಮೇಲೆ ಕೂತಿತು. ಬೇಗ ಒಣಗುತ್ತಿತ್ತು, ಆದರೆ ಉಜ್ಜದೆ ಮೆರುಗು ಬರುತ್ತಿರಲಿಲ್ಲ. ಹೀಗೆ ರಬ್ಬಿಂಗ್ ಕಾಂಪೌಂಡು, ಉಣ್ಣೆಯ ಪ್ಯಾಡು, ತಿರುಗುವ ಮೆಷಿನ್ನು ಕಾರಿನ ಲೋಕದಲ್ಲಿ ನೆಲೆಯೂರಿದವು. ಫೈಬರ್ ದೋಣಿಗಳು ಮಂಕಾಗತೊಡಗಿದಾಗ ದೋಣಿಯವರು ಕೈಚಾಚಿದ್ದು ಅವಕ್ಕೇ. ಬ್ರೆಜಿಲಿನ ಈಶಾನ್ಯದ ತಾಳೆ ಜಾತಿಯ ಮರದ ಎಲೆಯಿಂದ ತೆಗೆಯುವ ಕಾರ್ನೌಬಾ ಮೇಣವೂ ಜೊತೆಗೆ ಬಂತು. ಈ ಮೇಣದ ಮೂಲ ಹುಡುಕಿಕೊಂಡು ಜಾನ್ಸನ್ ವ್ಯಾಕ್ಸ್ ಕಂಪನಿಯ ಎಚ್. ಎಫ್. ಜಾನ್ಸನ್ 1935ರಲ್ಲಿ ನೀರಿನ ಮೇಲೂ ಇಳಿಯಬಲ್ಲ ವಿಮಾನದಲ್ಲಿ ಬ್ರೆಜಿಲಿಗೆ ಹಾರಿದ್ದರು.

ಆದರೆ ಕಾರಿನ ಕೈ ದೋಣಿಗೆ ಹಾಗೆಯೇ ಒಗ್ಗುವುದಿಲ್ಲ. ಬಲ್ಲವರು ಮೊದಲು ಗೀರಿಗೆ ಅಡ್ಡಲಾಗಿ ಉಗುರು ಎಳೆದು ನೋಡುತ್ತಾರೆ. ಉಗುರು ಸಿಕ್ಕದಿದ್ದರೆ ಕಾಂಪೌಂಡು ಸಾಕು. ಸಿಕ್ಕಿದರೆ 600 ಅಥವಾ 800 ನಂಬರಿನ ವಾಟರ್ ಪೇಪರಿನಿಂದ ಶುರು. ನೀರಿಗೆ ಒಂದು ಹನಿ ಸೋಪು ಹಾಕಿದರೆ ಕಾಗದ ಜಾರುತ್ತದೆ, ಕಣಗಳು ಕಟ್ಟಿಕೊಳ್ಳುವುದಿಲ್ಲ. ಆಮೇಲೆ 1000, 1500, 2000. ಪ್ರತಿ ನಂಬರಿನಲ್ಲೂ ಉಜ್ಜುವ ದಿಕ್ಕು ಬದಲಿಸಬೇಕು. ಹಿಂದಿನ ಕಾಗದದ ಗೆರೆಗಳು ಪೂರ್ತಿ ಅಳಿದವೋ ಇಲ್ಲವೋ ಕಣ್ಣಿಗೆ ಗೊತ್ತಾಗುವುದು ಆಗಲೇ. ಇಲ್ಲಿ ಆತುರಪಟ್ಟವರ ಕೆಲಸ ಮೆಷಿನ್ ಹಿಡಿದ ಮೇಲೆ ಬಯಲಾಗುತ್ತದೆ. ಉಣ್ಣೆಯ ಪ್ಯಾಡಿನಲ್ಲಿ ಕಾಂಪೌಂಡು, ಸ್ಪಂಜಿನ ಪ್ಯಾಡಿನಲ್ಲಿ ಪಾಲಿಶು, ಕೊನೆಗೆ ಮೇಣ. ಮೆಷಿನ್ ಒಂದೇ ಕಡೆ ನಿಲ್ಲಿಸಿದರೆ ಬಿಸಿಗೆ ಜೆಲ್‌ಕೋಟ್ ಸುಡುತ್ತದೆ. ಅಂಚುಗಳಲ್ಲಿ ಪದರ ಬೇಗ ಸವೆಯುವುದರಿಂದ ಅಲ್ಲಿ ಕೈಯಿಂದಲೇ ಉಜ್ಜುವುದು ಲೇಸು.

ಗಾಜಿನ ನಾರು ಕಾಣುವಷ್ಟು ಆಳದ ಗೀರಿಗೆ ಯಾವ ಪಾಲಿಶೂ ಮದ್ದಲ್ಲ. ಗೀರನ್ನು ಕೊಂಚ ಅಗಲಿಸಿ, ಹಾರ್ಡನರ್ ಬೆರೆಸಿದ ಜೆಲ್‌ಕೋಟ್ ಪೇಸ್ಟನ್ನು ಉಬ್ಬುವಂತೆ ತುಂಬಬೇಕು. ಗಾಳಿ ತಾಗಿದರೆ ಮಾಮೂಲಿ ಜೆಲ್‌ಕೋಟಿನ ಮೇಲ್ಪದರ ಅಂಟಂಟಾಗಿಯೇ ಉಳಿಯುತ್ತದೆ. ಅದಕ್ಕೇ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚುತ್ತಾರೆ, ಇಲ್ಲವೇ ಮೇಣ ಬೆರೆತ ದ್ರಾವಣ ಸೇರಿಸುತ್ತಾರೆ. ಗಟ್ಟಿಯಾದ ಮೇಲೆ ಸಮವಾಗಿ ಉಜ್ಜಿ, ಮತ್ತೆ ಅದೇ ಕಾಗದಗಳ ಸರಣಿ. ಎಲ್ಲಕ್ಕಿಂತ ಕಷ್ಟದ್ದು ಬಣ್ಣ ಹೊಂದಿಸುವುದು. ಹತ್ತು ವರ್ಷ ಬಿಸಿಲುಂಡ ಬಿಳಿ ಹೊಸ ಡಬ್ಬಿಯ ಬಿಳಿಯೊಂದಿಗೆ ಸುಲಭಕ್ಕೆ ಬೆರೆಯುವುದಿಲ್ಲ.

ಮಲ್ಪೆ, ಮಂಗಳೂರಿನ ಮೀನುಗಾರರು ಫೈಬರ್ ದೋಣಿಯನ್ನು ಮುಖ ನೋಡಿಕೊಳ್ಳಲೆಂದು ಉಜ್ಜುವುದಿಲ್ಲ. ಅಲ್ಲಿ ಗೀರಿನ ಚಿಂತೆ ನೀರಿನದು: ಜೆಲ್‌ಕೋಟ್ ಸೀಳಿದ ಕಡೆ ನೀರು ನಾರಿನ ಗುಂಟ ಒಳಗೆ ಹರಿದು ಪದರಗಳನ್ನು ಸಡಿಲಿಸುತ್ತದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟು ದಡ ಹತ್ತುವುದು, ದುರಸ್ತಿ ನಡೆಯುವುದು ಹೆಚ್ಚಾಗಿ ಆ ದಿನಗಳಲ್ಲೇ. ಮಳೆಗೆ ಮುಚ್ಚಿದ ಶೆಡ್ಡಿನೊಳಗೆ ಒಣ ಕಾಗದದಿಂದ ಉಜ್ಜಿದರೆ ಏಳುವ ಧೂಳಿನಲ್ಲಿ ಗಾಜಿನ ಚೂರೂ ಇರುತ್ತದೆ, ಅದು ಚರ್ಮವನ್ನೂ ಶ್ವಾಸಕೋಶವನ್ನೂ ಕೆಡಿಸುತ್ತದೆ. ವಾಟರ್ ಪೇಪರ್ ಬಂದು ಒಂದು ಶತಮಾನ ದಾಟಿದೆ. ಬೋಟಿನ ಮಾಲೀಕರು ಈ ಬಾರಿ ಕೆಲಸಗಾರರ ಕೈಗೆ ಅದನ್ನು ಕೊಡಲಿ, ಜೊತೆಗೆ ಒಳ್ಳೆಯ ಮಾಸ್ಕು, ಗ್ಲೌಸು, ಕಣ್ಣಿಗೆ ಕನ್ನಡಕವನ್ನೂ ಕೊಡಲಿ.