ರಾಕ್ಷಸನೇ ಇಲ್ಲದ ಮಕ್ಕಳ ಸಿನಿಮಾ

ರಜೆ ಬಂತೆಂದರೆ ಮಕ್ಕಳಿಗೆ ಕಾರ್ಟೂನ್ ಬೇಕೇ ಬೇಕು. ಅದರಲ್ಲೊಬ್ಬ ರಾಕ್ಷಸ, ಒಂದಷ್ಟು ಹೊಡೆದಾಟ, ಕಿವಿಗಡಚಿಕ್ಕುವ ಗದ್ದಲ. ನೀವು ಅಡುಗೆಮನೆಯಿಂದಲೇ “ಸದ್ದು ಕಡಿಮೆ ಮಾಡ್ರೋ” ಅಂತ ಕೂಗುತ್ತೀರಿ, ಅಲ್ಲವೇ? ಈ ಸಲ ಸೌಟು ಕೆಳಗಿಟ್ಟು ನೀವೂ ಜೊತೆಯಲ್ಲಿ ಕೂತು ನೋಡಬಹುದಾದ ಚಿತ್ರವೊಂದರ ವಿಷಯ ಹೇಳುತ್ತೇನೆ. ಹೆಸರು ‘ಮೈ ನೇಬರ್ ಟೊಟೊರೊ’. ಜಪಾನಿನ ಹಯಾವೊ ಮಿಯಾಜಾಕಿ 1988ರಲ್ಲಿ ತೆರೆಗೆ ತಂದದ್ದು. 86 ನಿಮಿಷ, ಅಷ್ಟೇ. ಚಿತ್ರಗಳೆಲ್ಲ ಕೈಯಿಂದ ಬಿಡಿಸಿದವು.

ಕಥೆ ಏನಂತೀರಾ? ಸತ್ಸುಕಿ, ಮೇ ಎಂಬ ಅಕ್ಕತಂಗಿಯರು ಅಪ್ಪನ ಜೊತೆ ಹಳ್ಳಿಯ ಹಳೇ ಮನೆಯೊಂದಕ್ಕೆ ಬರುತ್ತಾರೆ. (ಎರಡು ಹೆಸರಿಗೂ ಅರ್ಥ ಮೇ ತಿಂಗಳು ಅಂತಲೇ!) ಅಮ್ಮ ಆಸ್ಪತ್ರೆಯಲ್ಲಿದ್ದಾಳೆ. ಅಡುಗೆ, ಊಟದ ಡಬ್ಬಿ, ತಂಗಿಯ ಹಟ ಎಲ್ಲವೂ ಶಾಲೆಗೆ ಹೋಗುವ ಅಕ್ಕನ ತಲೆಯ ಮೇಲೆ. ಮನೆಯ ಪಕ್ಕದ ದೊಡ್ಡ ಕರ್ಪೂರದ ಮರದ ಬುಡದಲ್ಲಿ ಟೊಟೊರೊ ಇದೆ. ಕರಡಿಯಂತೆ ದಪ್ಪ, ಬೆಕ್ಕಿನಂತೆ ಮೆತ್ತಗೆ. ಮಾತಿಲ್ಲ, ಆಕಳಿಕೆ ಮಾತ್ರ ಬಲು ಜೋರು.

ಮಳೆಯ ರಾತ್ರಿಯ ದೃಶ್ಯವೊಂದನ್ನಂತೂ ತಪ್ಪಿಸಬೇಡಿ. ಬೆನ್ನ ಮೇಲೆ ನಿದ್ದೆಹೋದ ತಂಗಿಯನ್ನು ಹೊತ್ತು ಸತ್ಸುಕಿ ಅಪ್ಪನ ಬಸ್ಸಿಗೆ ಕಾಯುತ್ತಿದ್ದಾಳೆ. ತಲೆಗೊಂದು ಎಲೆ ಇಟ್ಟುಕೊಂಡು ಟೊಟೊರೊ ಬಂದು ಪಕ್ಕದಲ್ಲಿ ನಿಲ್ಲುತ್ತದೆ. ಅಪ್ಪನಿಗೆಂದು ತಂದ ಛತ್ರಿಯನ್ನು ಅವಳು ಅದಕ್ಕೆ ಕೊಡುತ್ತಾಳೆ. ಛತ್ರಿಯ ಮೇಲೆ ಹನಿ ಬಿದ್ದ ಟಪಟಪ ಸದ್ದಿಗೆ ಅದರ ಕಣ್ಣು ಅರಳುತ್ತದೆ ನೋಡಿ! ಇನ್ನಷ್ಟು ಹನಿ ಬೀಳಲೆಂದು ಧೊಪ್ಪನೆ ಒಂದು ಕುಪ್ಪಳಿಕೆ. ಆ ಕೆಲ ನಿಮಿಷ ಮಾತು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಎಂಥ ತುಂಟ ಮಗುವೂ ಅಲ್ಲಿ ಸುಮ್ಮನಾದೀತು.

ಇಡೀ ಚಿತ್ರದಲ್ಲಿ ಕೆಟ್ಟವರು ಯಾರೂ ಇಲ್ಲ. ಹಾಗೆಂದು ಭಯವಿಲ್ಲವೇ? ಇದೆ. ಆಸ್ಪತ್ರೆಯಿಂದ ತಂತಿ ಬರುತ್ತದೆ, ಅಮ್ಮ ಮನೆಗೆ ಬರುವುದು ಮುಂದಕ್ಕೆ ಹೋಗುತ್ತದೆ. ಅಷ್ಟು ಹೊತ್ತು ದೊಡ್ಡವಳಂತೆ ಇದ್ದ ಸತ್ಸುಕಿ, ಅಮ್ಮ ಸತ್ತುಹೋದರೆ ಅಂತ ನೆರೆಮನೆ ಅಜ್ಜಿಯ ಎದುರು ಗಳಗಳನೆ ಅತ್ತುಬಿಡುತ್ತಾಳೆ. ನಾವು ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ “ಏನೂ ಇಲ್ಲ, ಆಡ್ಕೋ ಹೋಗು” ಅಂತ ಮಕ್ಕಳನ್ನು ಹೊರಗೆ ಕಳಿಸುತ್ತೇವೆ. ಅವಕ್ಕೆ ಎಲ್ಲ ಗೊತ್ತಾಗಿರುತ್ತದೆ ಕಣ್ರೀ. ಮಿಯಾಜಾಕಿಯವರ ತಾಯಿಯೂ ಅವರ ಬಾಲ್ಯದಲ್ಲಿ ಕ್ಷಯದಿಂದ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದವರು.

ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು. ಟೊಟೊರೊ ಮಂತ್ರ ಹಾಕಿ ಅಮ್ಮನನ್ನು ಗುಣಪಡಿಸುವುದಿಲ್ಲ. ಅಮ್ಮನಿಗೆ ಕೊಡಲೆಂದು ಮುಸುಕಿನ ಜೋಳದ ತೆನೆ ಅವುಚಿಕೊಂಡು ಒಬ್ಬಳೇ ಹೊರಟು ದಾರಿ ತಪ್ಪಿದ ಪುಟ್ಟ ಮೇಯನ್ನು ಹುಡುಕಲು ತನ್ನ ಬೆಕ್ಕಿನ ಬಸ್ಸನ್ನು ಕರೆಸಿಕೊಡುತ್ತದೆ, ಅಷ್ಟೇ. ಬೆಕ್ಕೇ ಬಸ್ಸು, ಒಳಗೆ ಕೂರಲು ಮೆತ್ತನೆಯ ರೋಮ!

ಒಂದು ಎಚ್ಚರಿಕೆ. ಇದೇ ಚಿತ್ರದ ಜೊತೆಜೊತೆಗೆ ಅಲ್ಲಿ ಬಿಡುಗಡೆಯಾದ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’ ಕೂಡ ಅಣ್ಣತಂಗಿಯರ ಕಥೆಯೇ. ಆದರೆ ಅದು ಯುದ್ಧದ ಸಂಕಟ, ಚಿಕ್ಕವರಿಗೆ ಬೇಡ.

ಟೊಟೊರೊ ಮುಗಿದು ಹೆಸರುಗಳು ಬರತೊಡಗಿದ ಕೂಡಲೇ ಆರಿಸಿಬಿಡಬೇಡಿ. ಅಮ್ಮ ಮನೆಗೆ ಬರುವ ಚಿತ್ರಗಳು ಇರುವುದು ಅಲ್ಲೇ.