ಜೇಡಿ ಕಲ್ಲಿಗೆ ಜೇಡಿಯದೇ ಮದ್ದು

ಶೇಲ್ ಅಂದ್ರೆ ಕೋಟ್ಯಂತರ ವರ್ಷ ಒತ್ತಡದಲ್ಲಿ ಕೂತು ಪದರ ಪದರವಾಗಿ ಗಟ್ಟಿಯಾದ ಜೇಡಿಮಣ್ಣು. ತೈಲ, ಗ್ಯಾಸ್ ಬಾವಿ ಕೊರೆಯುವವರಿಗೆ ದಾರಿಯಲ್ಲಿ ಹೆಚ್ಚು ಸಿಗೋದೂ ಇದೇ, ಹೆಚ್ಚು ಕಾಟ ಕೊಡೋದೂ ಇದೇ.

ಕೊರೆಯುವಾಗ ಪೈಪಿನೊಳಗಿಂದ ಡ್ರಿಲ್ಲಿಂಗ್ ಮಡ್ ಅನ್ನೋ ದ್ರವವನ್ನು ಪಂಪ್ ಮಾಡ್ತಾರೆ. ಅದು ಬಿಟ್ ಅನ್ನು ತಣ್ಣಗಿಡುತ್ತೆ, ಕಲ್ಲಿನ ಚೂರುಗಳನ್ನು ಮೇಲೆ ತರುತ್ತೆ, ತನ್ನ ತೂಕದಿಂದ ಬಾವಿಯ ಗೋಡೆಯನ್ನು ಒತ್ತಿ ಹಿಡಿಯುತ್ತೆ. ನೀರಿಗೆ ಬೆಂಟೊನೈಟ್ ಜೇಡಿ ಬೆರೆಸಿದ್ರೆ ಸಾಮಾನ್ಯ ಮಡ್ ರೆಡಿ. ಮರಳುಗಲ್ಲು ಸಿಕ್ಕರೆ ಚಿಂತೆಯಿಲ್ಲ. ನೀರು ಒಳಗೆ ಸೋರುವಾಗ ಬೆಂಟೊನೈಟ್ ಕಣಗಳು ಗೋಡೆಯ ಮೇಲೆ ಉಳಿದು ತೆಳುವಾದ ಪದರ ಕಟ್ಟುತ್ತವೆ. ಇದಕ್ಕೆ ಫಿಲ್ಟರ್ ಕೇಕ್ ಅಂತಾರೆ. ನಮ್ಮನ್ನು ಕೇಳಿದ್ರೆ ದೋಸೆ ಅನ್ನೋದೇ ಸರಿ.

ಶೇಲ್ ಮೇಲೆ ಈ ದೋಸೆ ಕೂರೋದೇ ಇಲ್ಲ. ಅದರ ರಂಧ್ರಗಳ ಬಾಯಿ ಕೆಲವೇ ನ್ಯಾನೋಮೀಟರ್‌ನಿಂದ ಕೆಲವು ಹತ್ತು ನ್ಯಾನೋಮೀಟರ್ ಅಗಲ. ಬೆಂಟೊನೈಟ್ ಕಣದ್ದು ಮೈಕ್ರಾನ್ ಲೆಕ್ಕ. ಕಣ ಹೊರಗೇ ಉಳಿಯುತ್ತೆ, ನೀರು ಮಾತ್ರ ನಿಧಾನವಾಗಿ ಒಳಗೆ ಹೋಗ್ತಾನೇ ಇರುತ್ತೆ.

ಸ್ವಲ್ಪ ನೀರು ಹೋದ್ರೆ ಏನಾಯ್ತು ಅಂತೀರಾ? ನೀರಿನ ಜೊತೆ ಒತ್ತಡವೂ ಒಳಗೆ ಹೋಗುತ್ತೆ. ಗೋಡೆಯ ಮುಂದೆಯೂ ಹಿಂದೆಯೂ ಒಂದೇ ಒತ್ತಡ ಆದಮೇಲೆ ಮಡ್ ಕೊಡ್ತಿದ್ದ ಆಸರೆ ಹೋಯ್ತು. ಮೇಲಾಗಿ ಶೇಲ್‌ನಲ್ಲಿ ಸ್ಮೆಕ್ಟೈಟ್ ಇದ್ದರೆ ಅದು ಊದುತ್ತೆ. ವಿಜಯಪುರ, ಗದಗ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರೆಮಣ್ಣು ಮಳೆಗೆ ಊದಿ ಬೇಸಿಗೆಯಲ್ಲಿ ಬಿರುಕು ಬಿಡೋದು ಇದೇ ಗುಂಪಿನ ಖನಿಜದಿಂದ. ಗೋಡೆ ಉದುರಿ ಪೈಪ್ ಸಿಕ್ಕಿಹಾಕಿಕೊಂಡ್ರೆ ಕೆಲವೊಮ್ಮೆ ಅಷ್ಟು ಭಾಗ ಕೈಬಿಟ್ಟು ಪಕ್ಕದಿಂದ ಮತ್ತೆ ಕೊರೀಬೇಕು.

ನೀರಿನ ಬದಲು ಡೀಸೆಲ್ ಅಥವಾ ಖನಿಜ ತೈಲದ ಮಡ್ ಬಳಸಿದ್ರೆ ಈ ಕಾಟ ತುಂಬಾ ಕಡಿಮೆ. ಆದ್ರೆ ಅದು ದುಬಾರಿ. ಜೊತೆಗೆ ಮೇಲೆ ಬರುವ ಟನ್‌ಗಟ್ಟಲೆ ಕಲ್ಲುಚೂರು ಎಣ್ಣೆ ಮೆತ್ತಿಕೊಂಡೇ ಬರುತ್ತೆ. ಅದನ್ನು ಸುರಿಯೋದೆಲ್ಲಿ?

ಇಲ್ಲಿ ಬರುತ್ತೆ ನ್ಯಾನೋ ಜೇಡಿ. ಲ್ಯಾಪೊನೈಟ್ ಅನ್ನೋ ಕೃತಕ ಜೇಡಿಯ ಒಂದು ಕಣ ಸುಮಾರು 25 ನ್ಯಾನೋಮೀಟರ್ ಅಗಲ, 1 ನ್ಯಾನೋಮೀಟರ್ ದಪ್ಪದ ಬಿಲ್ಲೆ. 1977ರಲ್ಲಿ ಅಬ್ರಾಮ್ಸ್ ಕೊಟ್ಟ ಅಂದಾಜು ಸೂತ್ರದಂತೆ, ರಂಧ್ರದ ಅಗಲದ ಮೂರನೇ ಒಂದು ಭಾಗದಷ್ಟಾದರೂ ಇರುವ ಕಣಗಳು ಬಾಯಲ್ಲಿ ಒಂದಕ್ಕೊಂದು ಆನಿಕೊಂಡು ಸೇತುವೆ ಕಟ್ಟಬಲ್ಲವು. ಅಂದ್ರೆ ಲೆಕ್ಕಕ್ಕೆ 75 ನ್ಯಾನೋಮೀಟರ್‌ವರೆಗಿನ ಬಾಯಿಗೆ ಈ ಬಿಲ್ಲೆ ಸಾಕು. ರಂಧ್ರ ಮುಚ್ಚಿದ್ರೆ ನೀರೂ ನಿಂತಿತು, ಒತ್ತಡವೂ ನಿಂತಿತು.

ಕಷ್ಟ ಶುರುವಾಗೋದು ಉಪ್ಪಿನಿಂದ. ಶೇಲ್ ಊದದಿರಲಿ ಅಂತ ಮಡ್‌ಗೆ ಪೊಟ್ಯಾಸಿಯಂ ಕ್ಲೋರೈಡ್ ಹಾಕೋದು ಹಳೇ ರೂಢಿ. ಅದೇ ಉಪ್ಪು ಬಿಲ್ಲೆಗಳು ಪರಸ್ಪರ ದೂರ ತಳ್ಳುವ ಬಲವನ್ನು ಕುಗ್ಗಿಸುತ್ತೆ. ಬಿಲ್ಲೆಗಳು ಅಂಟಿಕೊಂಡು ಗಂಟಾದ ಮೇಲೆ ನ್ಯಾನೋ ಎಲ್ಲಿ ಉಳೀತು? ಡೋಸ್ ಹೆಚ್ಚಿಸೋಣ ಅಂದ್ರೆ ಶುದ್ಧ ನೀರಲ್ಲೂ 2% ದಾಟುತ್ತಿದ್ದಂತೆ ಅದು ಜೆಲ್ ಆಗುತ್ತೆ, ಪಂಪ್ ಏದುಸಿರು ಬಿಡುತ್ತೆ. ಹಾಗಾಗಿ ಕಣಗಳನ್ನು ಬಿಡಿಬಿಡಿಯಾಗಿ ಇಡೋಕೆ ಪಾಲಿಮರ್ ಸೇರಿಸ್ತಾರೆ. ಆ ಪಾಲಿಮರ್ ಆಳದ ಬಿಸಿಯನ್ನೂ ತಡೀಬೇಕು. ಕೆಮಿಕಲ್ ಬ್ರ್ಯಾಂಚ್‌ನವರೇ, ನಿಮ್ಮ ಕೆಲಸ ಇರೋದು ಇಲ್ಲೇ.