ಮೂಗಿನಿಂದ ತೆಗೆದ ತುಂಡು ಎಲ್ಲಿ ಹೋಯ್ತು ಸ್ವಾಮಿ?

ಪೇಟೆಬೀದಿಯಲ್ಲಿ ದಿನಸಿ ಅಂಗಡಿ ಇಟ್ಟಿರುವ ನಮ್ಮ ಮಿತ್ರರಿಗೆ ಎಡಮೂಗು ಕಟ್ಟಿ ಎರಡು ವರ್ಷವಾಗಿತ್ತು. ನೆಗಡಿ ಅಂತ ಹಬೆ ತೆಗೆದುಕೊಂಡರು. ಆಗಾಗ ರಕ್ತ ಒಸರಿದರೆ 'ಉಷ್ಣ' ಅಂದುಕೊಂಡರು! ಕಡೆಗೆ ಒಂದು ನರ್ಸಿಂಗ್ ಹೋಮಿನಲ್ಲಿ ದುರ್ಮಾಂಸ ಎಂದು ತೆಗೆಸಿಕೊಂಡು ಬಂದರು. ವರ್ಷ ತುಂಬುವುದರೊಳಗೆ ಅದೇ ಮೂಗಿನಲ್ಲಿ ಮತ್ತೆ ಬೆಳೀತು.

ಈ ಸಲ ನೋಡಿದ ವೈದ್ಯರು ಕೇಳಿದ್ದು, "ಹೋದ ಸಲ ತೆಗೆದ ತುಂಡಿನ ರಿಪೋರ್ಟ್ ಎಲ್ರೀ?" ರಿಪೋರ್ಟ್ ಇದ್ದರೆ ತಾನೆ? ತುಂಡು ಬಕೆಟ್ಟಿಗೆ ಹೋಗಿತ್ತು.

ದುರ್ಮಾಂಸವೆಲ್ಲ ಒಂದೇ ಜಾತಿಯದಲ್ಲ. ಅಲರ್ಜಿಯಿಂದ ಬರುವಂಥದ್ದು ಸಾಮಾನ್ಯವಾಗಿ ಎರಡೂ ಹೊಳ್ಳೆಯಲ್ಲಿರುತ್ತೆ. ಒಂದೇ ಕಡೆ ಬೆಳೆದರೆ ಅನುಮಾನ ಪಡಬೇಕು. 'ಇನ್ವರ್ಟೆಡ್ ಪ್ಯಾಪಿಲೋಮ' ಎಂಬ ಗಡ್ಡೆ ಹೊರಗೆ ಚಾಚುವುದಲ್ಲದೆ ಒಳಪದರಕ್ಕೇ ಮಗುಚಿಕೊಂಡು ಬೆಳೆಯುತ್ತೆ. ಅದು ಕ್ಯಾನ್ಸರ್ ಅಲ್ಲ, ನಿಜ. ಆದರೆ ಬುಡ ಉಳಿದರೆ ಮರಳಿ ಬರುತ್ತೆ. ಸುಮಾರು 100ರಲ್ಲಿ 5ರಿಂದ 15 ಮಂದಿಯಲ್ಲಿ ಕ್ಯಾನ್ಸರ್ ಜೊತೆಗೇ ಅಡಗಿರುತ್ತೆ, ಇಲ್ಲವೇ ಮುಂದೆ ತಲೆಯೆತ್ತುತ್ತೆ.

ಆ ಬದಲಾವಣೆ ಶುರುವಾಗಿದೆಯೇ ಅನ್ನೋದನ್ನ ಹೇಳಬೇಕಾದದ್ದು ಆ ತುಂಡೇ. ಅದನ್ನು ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಸಂಶಯ ಬಂದರೆ ಕೆಲವು ಪ್ರೋಟೀನುಗಳಿಗೆ ಬಣ್ಣ ಹಿಡಿಸುತ್ತಾರೆ. ಕೆಐ-67 ಎಂಬುದು ಜೀವಕೋಶ ಒಡೆದು ಎರಡಾಗಲು ಹೊರಟಾಗ ಮಾತ್ರ ಕಾಣುವ ಪ್ರೋಟೀನು; 1983ರಲ್ಲಿ ಜರ್ಮನಿಯ ಕೀಲ್ ಊರಿನವರು ಗುರುತಿಸಿದ್ದು. ತಳಪದರದಲ್ಲಿ ಇರಬೇಕಾದ ಅದರ ಬಣ್ಣ ಮೇಲಿನ ಪದರಗಳಿಗೂ ಹತ್ತಿದರೆ ಎಚ್ಚರ. ಇನ್ನು ಪಿ53, ಕೆಟ್ಟ ಕೋಶವನ್ನು ತಡೆಯುವ ಕಾವಲುಗಾರ. ಸರಿಯಾಗಿ ಕೆಲಸ ಮಾಡುವಾಗ ಬೇಗ ಕರಗಿಹೋಗುತ್ತಾನೆ, ಬಣ್ಣ ಅಷ್ಟಾಗಿ ಕಾಣದು. ಕೆಟ್ಟಾಗ ಕರಗದೆ ರಾಶಿಬೀಳುತ್ತಾನೆ, ಬಣ್ಣ ಗಾಢ. ಕೆಲಸ ಬಿಟ್ಟ ಮೇಲೇ ಹಾಜರಿ ಜಾಸ್ತಿ, ಎಂಥ ನೌಕರ ನೋಡಿ! ಕೆಲವೊಮ್ಮೆ ಪೂರ್ತಿ ನಾಪತ್ತೆಯಾದರೂ ಅನುಮಾನವೇ.

ಹಾಗಂತ ಬಣ್ಣವೊಂದೇ ತೀರ್ಪು ಕೊಡುವುದಿಲ್ಲ. ಕೋಶಗಳ ಆಕಾರ ಓದಬಲ್ಲ ಪೆಥಾಲಜಿಸ್ಟರ ಕಣ್ಣು ಮೊದಲು, ಇವು ಸಾಕ್ಷಿ ಅಷ್ಟೆ.

ಮಿತ್ರರ ಎರಡನೇ ತುಂಡು ಲ್ಯಾಬಿಗೆ ಹೋಯಿತು. "ಮತ್ತೆ ಯಾಕ್ರೀ ಖರ್ಚು?" ಅಂತ ಮನೆಯವರು ಗೊಣಗಿದ್ದುಂಟು. ಬಂದ ವರದಿ: ಪ್ಯಾಪಿಲೋಮ, ಒಂದು ಮೂಲೆಯಲ್ಲಿ ಕೋಶಗಳು ಹದಗೆಟ್ಟಿವೆ, ಅಲ್ಲೇ ಪಿ53 ಗಾಢ. ಕ್ಯಾನ್ಸರ್ ಇನ್ನೂ ಆಗಿಲ್ಲ. ಇದು ಮೊದಲ ಸಲವೇ ಇತ್ತೋ, ಆಮೇಲೆ ಬಂತೋ? ಹೋಲಿಸಿ ನೋಡಲು ಆ ತುಂಡಿಲ್ಲ.

ಗಡ್ಡೆ ಅಂಟಿದ್ದ ಮೂಳೆಯನ್ನೂ ಕೆರೆದು ಬುಡಸಮೇತ ತೆಗೆದಿದ್ದಾರೆ. ವರದಿ ಈಗ ಗಲ್ಲಾಪೆಟ್ಟಿಗೆಯಲ್ಲಿದೆ. ಬರುವ ತಿಂಗಳು ಮತ್ತೆ ಮೂಗಿಗೆ ದುರ್ಬೀನು ಹಾಕಿಸಿ ನೋಡಿಸಬೇಕು.